‘ರೂಲೆಟೆಡ್’ ಮೃತ್ಪಾತ್ರೆಗಳ ಮೂಲವಿಚಾರ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ಬ್ರಹ್ಮಗಿರಿಯು ಅಲ್ಲಿರುವ ಅಶೋಕನ ಶಾಸನದಿಂದ ಪ್ರಸಿದ್ಧವಾದುದು. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಈ ಶಾಸನವನ್ನು ಬೆಳಕಿಗೆ ತಂದರು. ಬೆಟ್ಟದ ತಪ್ಪಲಿನ ಹಾಳೂರಿನ ನೆಲವನ್ನು ೧೯೪೦ರಿಂದೀಚೆಗೆ ಮೈಸೂರು ಸಂಸ್ಥಾನದ ಪ್ರಾಕ್ತನ ಇಲಾಖೆಯ ಡಾ|| ಎಂ. ಎಚ್. ಕೃಷ್ಣ ಅವರು ಅಗೆಯಿಸಿ ಪರೀಕ್ಷಿಸಿದರು. ಆಮೇಲೆ ೧೯೪೭ರಲ್ಲಿ, ಭಾರತ ಸರ್ಕಾರದ ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿಯೂ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿಯೂ ಅಗೆತ ನಡೆಸಿ, ನೆಲದ ಪದರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬ್ರಹ್ಮಗಿರಿಯಲ್ಲಿ ಮೂರು ಸಂಸ್ಕೃತಿಗಳು ಒಂದರ ಮೇಲೊಂದು ನೆಲಸಿದ್ದುವೆಂದು ಅವರು ನಿರ್ಣಯಿಸಿದರು: ಕೆಳಗೆ ನಯಮಾಡಿದ ಕಲ್ಗೊಡಲಿಯವರದು, ನಡುವೆ ಕಬ್ಬಿಣವನ್ನು ಬಳಸಿ ಬೃಹತ್ ಶಿಲಾಸಮಾಧಿಗಳನ್ನು ಕಟ್ಟಿದವರದು, ಮೇಲೆ ಶಾತವಾಹನರ ಕಾಲದ ಆಂಧ್ರ ಸಂಸ್ಕೃತಿ. ಇವಕ್ಕೆ ಅವರು ಕಾಲವನ್ನೂ ಗೊತ್ತುಮಾಡಿದರು. ಅವರ ಲೆಕ್ಕದಂತೆ ಕಲ್ಗೊಡಲಿಯವರು ಕ್ರಿ. ಪೂ. ಮೊದಲನೆಯ ಸಹಸ್ರಮಾನದ ಆದಿಭಾಗದವರು. ಸಮಾಧಿಗಳವರು ಸುಮಾರು ಕ್ರಿ. ಪೂ. ೨೦೦ರಿಂದ ಕ್ರಿ. ಶ. ಒಂದನೆಯ ಶತಮಾನದ ಮಧ್ಯದವರೆಗಿನವರು. ಆಂಧ್ರರು ಅಲ್ಲಿಂದ ಮೂರನೆಯ ಶತಮಾನದವರೆಗೆ. ದಕ್ಷಿಣ ಭಾರತದ ಪ್ರಾಗಿತಿಹಾಸವನ್ನು ಬರೆದವರೆಲ್ಲರೂ ಬಹುಕಾಲ ಈ ಅಂಕಿಗಳನ್ನೇ ಆಧಾರವಾಗಿಟ್ಟುಕೊಂಡರು.

ಈ ಅಂಕಿಗಳು ಎಲ್ಲಿಂದ ಬಂದುವೆಂಬುದು ವಿಚಾರಣೀಯವಾದ ವಿಷಯ. ಇದ್ದಲಿನಲ್ಲಿರುವ ವಿಕಿರಣಶೀಲ ಇಂಗಾಲವನ್ನಳೆದು ಕಾಲವನ್ನು ತಿಳಿಯುವ ಕ್ರಮವು ಆಗಿನ್ನೂ ಹುಟ್ಟಿರಲಿಲ್ಲ. ಅದು ಪ್ರಕಟವಾದದ್ದು ೧೯೪೯ರಲ್ಲಿ. ಚಂದ್ರವಳ್ಳಿಯಲ್ಲಿ ದೊರೆತ ಶಾತವಾಹನರ ನಾಣ್ಯಗಳೂ ರೋಮನ್ ಬೆಳ್ಳಿಯ ದೆನಾರಿಯಸ್ ನಾಣ್ಯಗಳೂ ಮೇಲಿನ ಪದರುಗಳಿಗೆ ತಕ್ಕಮಟ್ಟಿನ ಸಹಾಯವನ್ನು ಮಾಡಿದುವು, ನಿಜ. ಆದರೆ ಬ್ರಹ್ಮಗಿರಿಯ ಆಂಧ್ರ ಪದರಿನ ಆರಂಭವನ್ನು ಗೊತ್ತುಮಾಡಿದ್ದು ಮುಖ್ಯವಾಗಿ ಒಂದು ಬಗೆಯ ತಟ್ಟೆಯ ಚೂರುಗಳು. ಅವುಗಳ ಮೇಲಿನಿಂದ ಕೆಳಮುಖವಾಗಿ, ಪದರಿನ ದಪ್ಪವನ್ನೂ ಒಂದರೊಳಗೊಂದು ಬೆರೆತಿರುವ ಪ್ರಮಾಣವನ್ನೂ ನೋಡಿಕೊಂಡು, ಉಳಿದೆರಡು ಸಂಸ್ಕೃತಿಗಳ ಕಾಲವನ್ನು ಊಹಿಸಲಾಯಿತು. ಮೇಲಿನ ಗೂಟವು ಅಲ್ಲಾಡಿದರೆ ಅದಕ್ಕೆ ತೂಗುಹಾಕಿದ್ದೆಲ್ಲವೂ ಅಲ್ಲಾಡಬೇಕಾದದ್ದೇ.

ಆ ತಟ್ಟೆಗೆ ವಿದ್ವಾಂಸರು ‘ರೂಲೆಟೆಡ್’ ಪಾತ್ರೆಯೆಂದು ಹೆಸರಿಟ್ಟಿದ್ದಾರೆ. ಅದು ಸುಮಾರು ಒಂದಡಿ ಅಗಲದ, ಆಳವಿಲ್ಲದ, ಚಪ್ಪಟೆ ತಳದ ತಟ್ಟೆ; ಅಂಚು ಒಳಕ್ಕೆ ಬಾಗಿರುತ್ತದೆ. ಮಣ್ಣು ಬೂದುಬಣ್ಣದ್ದು, ಅತಿ ನುಣುಪಾದದ್ದು. ಮುರಿದ ಅಂಚಿನಲ್ಲಿ ಬರಿಗಣ್ಣಿಗೆ ಮರಳಿನ ಕಣವೇ ಕಾಣದು. ಮೈಗೆ ಕರಿಯ ಹೊಳಪು. ಒಳತಳದಲ್ಲಿ ಒಂದೇ ಕೇಂದ್ರವುಳ್ಳ ಎರಡು ಮೂರು ವರ್ತುಲಪಟ್ಟಿಗಳು. ಒಂದೊಂದು ಪಟ್ಟಿಯಲ್ಲಿಯೂ ಚುಕ್ಕೆ, ತ್ರಿಕೋನ, ಗೀಟುಗಳ ಒತ್ತಾದ ಸಾಲುಗಳು. ಹಲ್ಲುಗಳುಳ್ಳ ಚಿಕ್ಕ ಚಕ್ರವನ್ನು ಹಸಿಮಡಕೆಯ ಮೇಲೆ ಉರುಳಿಸಿ ಇಂತಹ ಗುರುತನ್ನು ಮೂಡಿಸುವುದನ್ನು ಯೂರೋಪಿನಲ್ಲಿ ‘ರೂಲೆಟ್’ ಮಾಡುವುದೆನ್ನುತ್ತಾರೆ. ಹೆಸರು ಬಂದದ್ದು ಅದರಿಂದ. ಬಾಗುವ ಲೋಹದ ಅಲಗನ್ನು ತಿರುಗುವ ಪಾತ್ರೆಗೆ ಹಿಡಿದಾಗ ಅದು ಅದುರಿ ಕುಪ್ಪಳಿಸುವುದರಿಂದಲೂ ಇಂತಹ ಸಾಲುಗಳು ಬೀಳುತ್ತವೆಯೆಂಬುದನ್ನು ಇಲ್ಲಿ ನೆನಪಿನಲ್ಲಿಡುವುದು ಲೇಸು; ಹೆಸರೊಂದು ಅಂಟಿಕೊಂಡಿತೆಂದಮಾತ್ರಕ್ಕೆ ಕೌಶಲದ ಮೂಲವು ತೀರ್ಮಾನವಾದಂತಲ್ಲ.

ವ್ಹೀಲರ್ ಅವರು ಈ ತಟ್ಟೆಯನ್ನು ಮೊದಲು ಕ್ರಮವಾಗಿ ವಿವೇಚಿಸಿದ್ದು ಪುದುಚೇರಿಯ ದಕ್ಷಿಣಕ್ಕಿರುವ ಅರಿಕಮೇಡಿನಲ್ಲಿ. ಅಲ್ಲಿ ೧೯೪೫ರಲ್ಲಿ ಅವರು ನಡೆಸಿದ ಅಗೆತದಲ್ಲಿ ರೋಮನರ ದ್ರಾಕ್ಷಾರಸದ ಎರಡು ಹಿಡಿಯ ಕೊಡಗಳ ಚೂರುಗಳೂ, ಇಟಲಿಯ ಅರೆಜ್ಜೊ ಪಟ್ಟಣದ ಹೆಸರಿನಿಂದ ‘ಅರೆಟೈನ್’ ಎಂದು ಕರೆಯುವ ಕೆಂಪು ಹೊಳಪಿನ ಪಾತ್ರೆಗಳ ಚೂರುಗಳೂ ದೊರೆತುವು. ಅರೆಟೈನ್ ಪಾತ್ರೆಗಳ ಕಾಲವು ಯೂರೋಪಿನಲ್ಲಿ ಚೆನ್ನಾಗಿ ಗೊತ್ತಾಗಿದ್ದಿತು, ಕ್ರಿ. ಶ. ಒಂದನೆಯ ಶತಮಾನದ ನಡುವಿನ ಹೊತ್ತಿಗೆ ಅವುಗಳ ತಯಾರಿಕೆಯು ನಿಂತಿತೆಂದು ಎಣಿಸುತ್ತಿದ್ದರು. ಹೀಗೆ ಇಟಲಿಯ ಚೂರಿನಿಂದ ಅರಿಕಮೇಡಿನ ಪದರಿಗೆ ಕಾಲ ಸಿಕ್ಕಿತು. ಅದೇ ನೆಲೆಯಲ್ಲಿ ಸಿಕ್ಕಿದ ರೂಲೆಟೆಡ್ ತಟ್ಟೆಗೂ ಸಿಕ್ಕಿತು. ಆ ತಟ್ಟೆಯ ಮೂಲಕ ನೂರಾರು ಮೈಲಿ ದೂರದ ಬ್ರಹ್ಮಗಿರಿಗೂ ಸಿಕ್ಕಿತು. ಈ ಸರಪಣಿಗೆ ಇನ್ನೊಂದು ನಂಬಿಕೆಯೂ ಬಲಕೊಟ್ಟಿತು. ರೂಲೆಟ್ ಮಾಡುವ ಪದ್ಧತಿಯು ಭಾರತೀಯವಲ್ಲ, ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬಂದುದು. ಅತ್ಯುತ್ತಮವಾದ ತಟ್ಟೆಗಳು ಅಲ್ಲಿಂದಲೇ ಹಡಗಿನಲ್ಲಿ ಬಂದಿರಬಹುದು, ಕೀಳ್ತರದವು ಇಲ್ಲಿಯ ಅನುಕರಣಗಳು, ಎಂಬುದೇ ಆ ನಂಬಿಕೆ. ರೋಮನರ ವ್ಯಾಪಾರವಿಲ್ಲದೆ ಈ ತಟ್ಟೆಯಿಲ್ಲ ಎಂದಾದರೆ, ಆ ವ್ಯಾಪಾರಕ್ಕಿಂತ ಹಿಂದಿನ ಕಾಲವನ್ನು ಈ ತಟ್ಟೆಗೆ ಹೇಳಲಾಗದಷ್ಟೆ.

ಹೀಗಿರುವಲ್ಲಿ, ಈ ತಟ್ಟೆಯ ಮಣ್ಣು ಎಲ್ಲಿಯದು ಎಂಬ ಪ್ರಶ್ನೆಯು ಕೇವಲ ಕುತೂಹಲದ್ದಲ್ಲವೆಂಬುದು ಸ್ಪಷ್ಟವಾಗುತ್ತದೆ. ಆಕಾರ, ಬಣ್ಣ, ಅಲಂಕಾರಗಳನ್ನು ಕಣ್ಣಿನಿಂದ ನೋಡಿ ಇದಕ್ಕೆ ಉತ್ತರ ಕೊಡುವುದು ಸಾಧ್ಯವಿಲ್ಲ. ಆಕಾರವನ್ನು ಯಾರಾದರೂ ಅನುಕರಿಸಬಹುದು. ಮಣ್ಣನ್ನು ಅನುಕರಿಸುವುದು ಕಷ್ಟ. ಕುಂಬಾರನು ತನ್ನ ಮಣ್ಣಿಗಾಗಿ ಬಹುದೂರ ಹೋಗುವವನಲ್ಲ. ಡೀನ್ ಆರ್ನಾಲ್ಡ್ ಅವರು ೧೯೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜಗತ್ತಿನ ನಾನಾ ಕುಂಬಾರ ಸಮುದಾಯಗಳನ್ನು ತುಲನೆಮಾಡಿ, ನೂರಕ್ಕೆ ೮೪ ಸಮುದಾಯಗಳು ತಮಗೆ ೭ ಕಿಲೋಮೀಟರುಗಳೊಳಗೇ ಜೇಡಿಮಣ್ಣನ್ನು ತೆಗೆಯುತ್ತವೆಯೆಂದೂ, ಮೂರರಲ್ಲೊಂದು ಭಾಗ ಒಂದು ಕಿಲೋಮೀಟರಿನೊಳಗೇ ತೆಗೆಯುತ್ತವೆಯೆಂದೂ ತೋರಿಸಿದ್ದಾರೆ. ಆದಕಾರಣ ಮಣ್ಣಿನ ಮೂಲವು ತಿಳಿದರೆ ಆವಿಗೆಯ ಸ್ಥಳವೂ ಹೆಚ್ಚುಕಡಮೆ ತಿಳಿದಂತೆಯೇ.

ಮಣ್ಣು ತಾನು ಹುಟ್ಟಿದ ಬಂಡೆಯ ಗುಣವನ್ನು ಹೊತ್ತುಕೊಂಡಿರುತ್ತದೆ. ಗ್ರಾನೈಟಿನ ನಾಡಿನ ಮಣ್ಣಿನಲ್ಲಿ ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕಗಳ ಕಣಗಳು ಮಿಗಿಲು. ಪೊಟಾಸಿಯಂ ಥೋರಿಯಂಗಳೂ ಸಾಮಾನ್ಯವಾಗಿ ಹೆಚ್ಚು. ದಖನ್ನಿನ ಕರಿಗಲ್ಲು ಸವೆದು ಹುಟ್ಟಿದ ಮಣ್ಣಿನಲ್ಲಿ ಕಬ್ಬಿಣ, ಟೈಟೇನಿಯಂ, ಕ್ರೋಮಿಯಂ, ಸ್ಕ್ಯಾಂಡಿಯಂಗಳು ಹೆಚ್ಚು. ಜ್ವಾಲಾಮುಖಿಯ ಪ್ರದೇಶದಲ್ಲಿ ಅಲ್ಲಿಗೇ ವಿಶಿಷ್ಟವಾದ ಖನಿಜಗಳಿರುತ್ತವೆ. ಕುಂಬಾರನು ಆ ಮಣ್ಣನ್ನು ಹುಡಿಮಾಡಿ, ಜರಡಿಯಾಡಿ, ನೆನೆಹಾಕಿ, ತುಳಿದು, ಬೇಕಾದರೆ ಮರಳನ್ನೋ ಬೂದಿಯನ್ನೋ ಬೆರೆಸಿ ಹದಮಾಡಿ, ತಿಗರಿಯ ಮೇಲೇರಿಸಿ, ಆವಿಗೆಯಲ್ಲಿ ಸುಡುತ್ತಾನೆ. ಈ ಎಲ್ಲ ಸಂಸ್ಕಾರಗಳೂ ಮಣ್ಣನ್ನು ಅಷ್ಟಿಷ್ಟು ಬದಲಾಯಿಸುತ್ತವೆ. ಆದರೆ ಅದರ ಹುಟ್ಟುಗುರುತನ್ನು ಪೂರ್ಣವಾಗಿ ಅಳಿಸಲಾರವು.

ಈ ಗುರುತನ್ನು ಓದುವ ಕ್ರಮಗಳಲ್ಲಿ ಸರಳವಾದುದು ಸೂಕ್ಷ್ಮದರ್ಶಕದ್ದು. ಚೂರಿನಿಂದ ತೆಳುಹಲ್ಲೆಯೊಂದನ್ನು ಕೊಯ್ದು, ಗಾಜಿಗೆ ಅಂಟಿಸಿ, ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ದಪ್ಪವುಳಿಯುವವರೆಗೆ ಅರೆಯುತ್ತಾರೆ. ಆಗ ಕಲ್ಲೂ ಪಾರದರ್ಶಕವಾಗುತ್ತದೆ. ಧ್ರುವೀಕೃತ ಬೆಳಕಿನಲ್ಲಿ ಒಂದೊಂದು ಖನಿಜವೂ ತನ್ನ ತನ್ನ ಬಣ್ಣವನ್ನು ತೋರುತ್ತದೆ. ಅಮೆರಿಕಾದ ವಿದುಷಿ ಆನ್ನಾ ಷೆಪರ್ಡ್ ಅವರು ೧೯೩೦–೪೦ರ ದಶಕಗಳಲ್ಲಿ ರಿಯೋ ಗ್ರಾಂಡೆ ಕಣಿವೆಯ ಇಂಡಿಯನರ ಮಡಕೆಗಳನ್ನು ಹೀಗೆ ಪರೀಕ್ಷಿಸಿ, ಪ್ರತಿಯೊಂದು ಊರೂ ತನಗೆ ಬೇಕಾದ ಮಡಕೆಗಳನ್ನು ತಾನೇ ಮಾಡಿಕೊಳ್ಳುತ್ತಿತ್ತೆಂಬ ಆಗಿನ ನಂಬಿಕೆಯನ್ನು ಕೆಡವಿದರು; ಅನೇಕ ಊರುಗಳ ಮಡಕೆಗಳು ಹೊರಗಿನಿಂದ ಬಂದವೆಂದು ಬೆರಸಿದ ಕಲ್ಲಿನ ಹುಡಿಯೇ ಸಾರಿತು. ಅರಿಕಮೇಡಿನ ದ್ರಾಕ್ಷಾರಸದ ಕೊಡಗಳ ವಿಷಯದಲ್ಲಿಯೂ ಈ ಕ್ರಮವು ಚೆನ್ನಾಗಿ ಫಲಿಸಿದೆ. ಆ ಕೊಡಗಳಲ್ಲಿ ಕೆಲವುಗಳ ಮಣ್ಣಿನೊಳಗೆ ಕರಿಯ ಮರಳಿನಂತೆ ಕಾಣುವ ಆಗೈಟ್ ಖನಿಜದ ಕಣಗಳು ತುಂಬಿವೆ. ಇವು ಇಟಲಿಯ ನೇಪಲ್ಸ್ ಕೊಲ್ಲಿಯ ಸುತ್ತಣ ಜ್ವಾಲಾಮುಖಿಗಳ ನೆಲಕ್ಕೆ ಸೇರಿದವು. ಇಂತಹ ಕೊಡಗಳು ಕ್ಯಾಂಪೇನಿಯಾದ ದ್ರಾಕ್ಷಾರಸವನ್ನು ಹೊತ್ತು ತಂದವೆಂಬುದರಲ್ಲಿ ಸಂದೇಹಕ್ಕೆಡೆಯಿಲ್ಲ.

ರೂಲೆಟೆಡ್ ತಟ್ಟೆಯಾದರೋ ಈ ಕ್ರಮಕ್ಕೆ ಸುಲಭವಾಗಿ ಒಳಪಡುವುದಿಲ್ಲ. ಅದರ ಮಣ್ಣನ್ನು ನೀರಿನಲ್ಲಿ ಕದಡಿ, ದಪ್ಪ ಕಣಗಳೆಲ್ಲ ತಳಕ್ಕಿಳಿದ ಮೇಲೆ ತಿಳಿಯನ್ನು ಬಸಿದು ಆರಿಸಿದಂತಿದೆ. ಸೂಕ್ಷ್ಮದರ್ಶಕದಲ್ಲಿ ಹೆಸರಿಸಬಹುದಾದ ಕಣಗಳು ಬಲು ವಿರಳ. ಯಾವ ನಯವು ಅದರ ಹಿರಿಮೆಯೋ ಅದೇ ಪರೀಕ್ಷಕನಿಗೆ ಅಡ್ಡಿ. ಇಂತಹ ಕಡೆ ಖನಿಜಗಳ ಬದಲು ಮೂಲವಸ್ತುಗಳನ್ನೇ ಲೆಕ್ಕಹಾಕಬೇಕಾಗುತ್ತದೆ.

ಮಡಕೆಯ ರಾಸಾಯನಿಕ ಪೃಥಕ್ಕರಣವು ಹೊಸದೇನಲ್ಲ. ಮುಂದೆ ೧೯೧೪ರ ನೊಬೆಲ್ ಪಾರಿತೋಷಕವನ್ನು ಪಡೆದ ಥಿಯೊಡೋರ್ ವಿಲಿಯಂ ರಿಚರ್ಡ್ಸ್ ಅವರು ೧೮೯೫ರಷ್ಟು ಹಿಂದೆಯೇ ಬಾಸ್ಟನ್ ವಸ್ತುಸಂಗ್ರಹಾಲಯದ ಅಥೆನ್ಸಿನ ಮಡಕೆಗಳನ್ನು ಹೀಗೆ ಪರೀಕ್ಷಿಸಿ, ಅವುಗಳ ಘಟಕಗಳು ಒಂದನ್ನೊಂದು ಬಹಳ ಮಟ್ಟಿಗೆ ಹೋಲುವುದನ್ನು ಕಂಡಿದ್ದರು. ಆದರೆ ಅಂದಿನ ರಸಾಯನಶಾಸ್ತ್ರಕ್ಕೆ ಎಟುಕುತ್ತಿದ್ದುದು ಮರಳು, ಅಲ್ಯೂಮಿನ, ಸುಣ್ಣ, ಕಬ್ಬಿಣ ಮುಂತಾದ ಪ್ರಧಾನ ಘಟಕಗಳು ಮಾತ್ರ. ಇವು ಎಲ್ಲ ಜೇಡಿಮಣ್ಣಿನಲ್ಲಿಯೂ ಇರತಕ್ಕವು, ಅಂತರ ಸ್ವಲ್ಪ. ನಿಜವಾದ ಗುರುತು ಅಡಗಿರುವುದು ಹತ್ತು ಲಕ್ಷದಲ್ಲಿ ಕೆಲವೇ ಭಾಗದಷ್ಟಿರುವ ಲ್ಯಾಂಥನಂ, ಸಮೇರಿಯಂ, ಯೂರೋಪಿಯಂ, ಹ್ಯಾಫ್ನಿಯಂ, ಸೀಸಿಯಂ ಮುಂತಾದ ಅಲ್ಪವಸ್ತುಗಳಲ್ಲಿ. ಇವನ್ನು ಕುಂಬಾರನು ಕಾಣಲಾರ, ಬೇಕೆಂದು ಕೂಡಿಸಲಾರ, ಕಳೆಯಲೂ ಆರ.

ಇವನ್ನು ಅಳೆಯುವ ದಾರಿ ತೆರೆದದ್ದು ಪರಮಾಣುಶಾಸ್ತ್ರ. ರಾಬರ್ಟ್ ಓಪನ್‌ಹೈಮರ್ ಅವರು ೧೯೫೬ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಪ್ರಾಕ್ತನಶಾಸ್ತ್ರಜ್ಞರನ್ನೂ ಪರಮಾಣುವಿಜ್ಞಾನಿಗಳನ್ನೂ ಒಂದುಗೂಡಿಸಿ, ಮಡಕೆಯ ಮೂಲವನ್ನು ಹುಡುಕಲು ನ್ಯೂಟ್ರಾನುಗಳನ್ನು ಬಳಸಬಾರದೇಕೆಂದು ಚರ್ಚಿಸಿದರು. ಮರುವರ್ಷವೇ ಬ್ರೂಕ್‌ಹೇವನ್ ಪ್ರಯೋಗಾಲಯದ ಸೇಯರ್, ಡಾಡ್ಸನ್ ಇವರ ಮೊದಲ ಫಲಿತಾಂಶಗಳು ಹೊರಬಿದ್ದುವು. ಅದರ ಕ್ರಮ ಹೀಗೆ: ಚೂರಿನಿಂದ ನೂರಿನ್ನೂರು ಮಿಲಿಗ್ರಾಂ ಪುಡಿಯನ್ನು ಕೊರೆದು ತೆಗೆದು, ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಪುಡಿಯಲ್ಲಿರುವ ಪರಮಾಣುಗಳಲ್ಲಿ ಕೆಲವು ನ್ಯೂಟ್ರಾನನ್ನು ಹೀರಿ ವಿಕಿರಣಶೀಲವಾಗುತ್ತವೆ. ಆಮೇಲೆ ಗಾಮಾ ಕಿರಣಗಳನ್ನು ಸೂಸುತ್ತವೆ. ಒಂದೊಂದು ಮೂಲವಸ್ತುವಿನ ಕಿರಣಕ್ಕೂ ಒಂದೊಂದು ನಿಯತವಾದ ಶಕ್ತಿ. ಕತ್ತಲೆಯಲ್ಲಿ ದನಿಯಿಂದ ಆಳನ್ನು ಗುರುತಿಸುವಂತೆ ಆ ಶಕ್ತಿಯಿಂದ ವಸ್ತುವನ್ನೂ, ಕಿರಣಗಳ ಸಂಖ್ಯೆಯಿಂದ ಅದರ ಪ್ರಮಾಣವನ್ನೂ ತಿಳಿಯಬಹುದು. ಈಚೆಗೆ ಪುಡಿಯನ್ನು ಆಮ್ಲಗಳಲ್ಲಿ ಕರಗಿಸಿ, ಉರಿಯುವ ಆರ್ಗಾನ್ ಪ್ಲಾಸ್ಮಾದೊಳಕ್ಕೆ ಸಿಂಪಡಿಸಿ ಅಳೆಯುವ ಇನ್ನೊಂದು ಕ್ರಮವು ಹೆಚ್ಚು ಬಳಕೆಗೆ ಬಂದಿದೆ. ಅದಕ್ಕೆ ರಿಯಾಕ್ಟರು ಬೇಡ. ಕ್ಷ-ಕಿರಣಗಳ ವಿವರ್ತನೆಯಿಂದ ಅತಿ ಸೂಕ್ಷ್ಮವಾದ ಖನಿಜಗಳನ್ನೂ ಗುರುತಿಸುವುದು ಮತ್ತೊಂದು.

ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಒಂದು ಚೂರಿನ ಅಂಕಿಗಳು ತಾವಾಗಿಯೇ ಊರಿನ ಹೆಸರನ್ನು ಹೇಳಲಾರವು. ಮೂಲ ಗೊತ್ತಿರುವ ಮಣ್ಣು ಮಡಕೆಗಳೊಡನೆ ಹೋಲಿಸಿದಾಗಲೇ ಅವಕ್ಕೆ ಅರ್ಥ. ಆವಿಗೆಯ ಬಳಿಯಲ್ಲಿ ಸುಡುವಾಗ ಸೊಟ್ಟಗಾಗಿ ಬಿಸುಟ ಮಡಕೆಗಳು ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ಕೆಟ್ಟ ಮಡಕೆಯನ್ನು ಯಾರೂ ದೂರಕ್ಕೆ ಒಯ್ದು ಮಾರುವುದಿಲ್ಲ. ಅದಿಲ್ಲದಿದ್ದರೆ ಆ ನೆಲೆಯಲ್ಲಿ ಹೇರಳವಾಗಿ ಸಿಕ್ಕುವ ಒರಟು ಅಡಿಗೆಮಡಕೆಗಳನ್ನೂ, ಕೆರೆ ಹೊಳೆಗಳ ಜೇಡಿಯನ್ನೂ ಸ್ಥಳೀಯವೆಂದು ಭಾವಿಸಿ ಹೋಲಿಸುತ್ತಾರೆ. ಎರಡು ನೆಲೆಗಳ ಮಣ್ಣಿನ ನಡುವಣ ವ್ಯತ್ಯಾಸವು ಒಂದೇ ನೆಲೆಯ ಮಣ್ಣಿನೊಳಗಿನ ವ್ಯತ್ಯಾಸಕ್ಕಿಂತ ಹೆಚ್ಚಾಗಿರಬೇಕು ಎಂಬುದು ಈ ಶಾಸ್ತ್ರದ ಮೂಲಸೂತ್ರ. ೧೯೭೭ರಲ್ಲಿ ವೈಗಂಡ್, ಹಾರ್ಬಾಟಲ್, ಸೇಯರ್ ಇವರು ಇದನ್ನು ಸ್ಪಷ್ಟವಾದ ಮಾತಿನಲ್ಲಿ ನಿರೂಪಿಸಿದರು.

ಇನ್ನು ರೂಲೆಟೆಡ್ ತಟ್ಟೆಯ ಪರೀಕ್ಷೆಗೆ ಬರಬಹುದು. ವ್ಹೀಲರ್ ಅವರ ಕಾಲದಲ್ಲಿ ಈ ತಟ್ಟೆ ಭಾರತದ ಪೂರ್ವ ತೀರದ ಮತ್ತು ಅದರ ಒಳನಾಡಿನ ಕೆಲವು ನೆಲೆಗಳಲ್ಲಿ ಮಾತ್ರ ಕಂಡಿದ್ದಿತು. ಆಮೇಲೆ ಅದು ವಂಗದ ಚಂದ್ರಕೇತುಗಢ, ತಾಮ್ಲುಕ್, ಒರಿಸ್ಸಾದ ಶಿಶುಪಾಲಗಢ, ಲಂಕೆಯ ಅನುರಾಧಪುರ, ತಮಿಳುನಾಡಿನ ಅಳಗನ್‌ಕುಳಂ, ಬರ್ಮಾದ ಬೈಕ್ತಾನೊ, ಅಷ್ಟೇಕೆ, ಜಾವಾ ಬಾಲಿ ದ್ವೀಪಗಳಲ್ಲಿಯೂ ಕಾಣಿಸಿಕೊಂಡಿತು. ರೋಮನರು ಮಾಡಿದ ಇಲ್ಲವೆ ಮಾಡಿಸಿದ ತಟ್ಟೆಯು ಇಷ್ಟು ಕಡೆ, ಅದೂ ರೋಮನರ ಬೇರೆ ಸಾಮಾನುಗಳ ಸುಳಿವೂ ಇಲ್ಲದ ಎಡೆಗಳಲ್ಲಿ, ಏಕಿರಬೇಕೆಂಬ ಸಂದೇಹವು ಸಹಜವಾಗಿಯೇ ಎದ್ದಿತು.

ಬಾಲಿಯ ಉತ್ತರ ತೀರದ ಸೆಂಬಿರನ್ ಎಂಬಲ್ಲಿ ಅರ್ಡಿಕಾ ಅವರಿಗೆ ದೊರೆತ ಚೂರುಗಳಿಂದ ಪರೀಕ್ಷೆಯು ಮುಂದುವರಿಯಿತು. ಅರ್ಡಿಕಾ, ಬೆಲ್‌ವುಡ್ ಇವರು ೧೯೯೧ರಲ್ಲಿಯೂ, ಇನ್ನಿಬ್ಬರೊಡಗೂಡಿ ೧೯೯೩ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ, ನ್ಯೂಟ್ರಾನ್ ಪರೀಕ್ಷೆ ಮತ್ತು ಕ್ಷ-ಕಿರಣ ಪರೀಕ್ಷೆಗಳಿಂದ ಬಾಲಿಯ ಚೂರುಗಳೂ ಅರಿಕಮೇಡು ಮೊದಲಾದ ನೆಲೆಗಳ ಚೂರುಗಳೂ ಒಂದೇ ಮಣ್ಣಿನವೆಂದು ವಾದಿಸಿದರು. ಸಮುದ್ರದಾಚೆ ಅಷ್ಟು ದೂರವಿರುವ ಎರಡು ತೀರಗಳಲ್ಲಿ ಒಂದೇ ಮೂಲದ ತಟ್ಟೆ. ಒಂದೊಂದು ಊರಿನಲ್ಲಿಯೂ ಸ್ಥಳದ ಕುಂಬಾರರು ಪರದೇಶದ ಮಾದರಿಯನ್ನು ಅನುಕರಿಸಿದರೆಂಬ ಊಹೆಗೆ ಇದು ಮೊದಲ ಪೆಟ್ಟು. ಪುಣೆಯ ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗಟೆ ಅವರು ೧೯೯೭ರಲ್ಲಿ ಇನ್ನೂ ಮುಂದೆ ಹೋದರು. ಕ್ಷ-ಕಿರಣಗಳಿಂದ ನಾನಾ ನೆಲೆಗಳ ಚೂರುಗಳ ಖನಿಜಗಳನ್ನು ಅಳೆದು, ವಂಗದ ಚಂದ್ರಕೇತುಗಢ–ತಾಮ್ಲುಕ್ ಪ್ರಾಂತದವುಗಳೊಡನೆ ಹೋಲಿಸಿ, ಅಲ್ಲಿಂದಲೇ ಈ ತಟ್ಟೆಯು ಎಲ್ಲ ಕಡೆಗೂ ಹೋಯಿತೆಂದು ನಿರ್ಣಯಿಸಿದರು. ೨೦೦೫ರಲ್ಲಿ ಫೋರ್ಡ್, ಪೊಲಾರ್ಡ್, ಕನಿಂಗ್‌ಹ್ಯಾಮ್, ಸ್ಟರ್ನ್ ಇವರು ಪ್ಲಾಸ್ಮಾ ಕ್ರಮದಿಂದ ಅಲ್ಪವಸ್ತುಗಳನ್ನು ಅಳೆದು, ರೂಲೆಟೆಡ್ ತಟ್ಟೆಯೂ, ಹಕ್ಕಿ ಮುಂತಾದ ಮುದ್ರೆಗಳನ್ನೊತ್ತಿದ ‘ಅರಿಕಮೇಡು ಹತ್ತನೆಯ ಬಗೆ’ಯ ಬಟ್ಟಲೂ, ಅದೇ ನಯದ ಬೂದುಪಾತ್ರೆಗಳೂ ಒಂದೇ ಭೂಮೂಲಕ್ಕೆ ಸೇರಿದವೆಂದು ತೋರಿಸಿದರು. ಈ ಕೊನೆಯದು ಮಹತ್ತ್ವದ ಮಾತು. ಆಕಾರದಿಂದಲೂ ಅಲಂಕಾರದಿಂದಲೂ ಬೇರೆ ಬೇರೆಯೆಂದು ತೋರುವ ಪಾತ್ರೆಗಳನ್ನು ಅದು ಒಂದೇ ಕೈಗಾರಿಕೆಯ ಮಕ್ಕಳೆಂದು ಸೂಚಿಸುತ್ತದೆ.

‘ಒಂದೇ ಮೂಲ’ ಎಂಬುದನ್ನು ‘ಒಂದೇ ಊರು’ ಎಂದು ಓದಕೂಡದು. ಗಂಗೆಯ ಬಯಲಿನ ಮೆಕ್ಕಲುಮಣ್ಣು ಹಿಮಾಲಯದಿಂದ ಇಳಿದು, ಸಾವಿರಾರು ವರ್ಷ ಕದಡಿ ಬೆರೆತು, ನೂರಾರು ಮೈಲಿಗಳ ಉದ್ದಕ್ಕೂ ಹೆಚ್ಚುಕಡಮೆ ಏಕರೂಪವಾಗಿರತಕ್ಕದ್ದು. ಅಂತಹ ನೆಲದಲ್ಲಿ ಹತ್ತು ಊರುಗಳ ಆವಿಗೆಗಳಿಂದ ಹೊರಟ ತಟ್ಟೆಗಳೂ ಪ್ರಯೋಗಾಲಯದಲ್ಲಿ ಒಂದೇ ಎಂದು ತೋರಬಹುದು. ತಿಳಿಯನ್ನು ಬಸಿದು ಮಾಡಿದ ಮಣ್ಣಿನಲ್ಲಿ ಸ್ಥಳವನ್ನು ಹೇಳಬಹುದಾಗಿದ್ದ ದಪ್ಪ ಕಣಗಳು ಹೋಗಿಬಿಟ್ಟಿರುತ್ತವೆಂಬುದನ್ನೂ ಇದಕ್ಕೆ ಸೇರಿಸಬೇಕು. ಆದುದರಿಂದ ಗೋಗಟೆಯವರು ಹೇಳಿದ ಸ್ಥಳನಿರ್ದೇಶವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಕೋರಮಂಡಲ ತೀರದ ಪಕ್ಷವನ್ನು ಹಿಡಿದವರೂ ಉಂಟು. ಏಕಮೂಲವೆಂಬ ಮಾತು ಮಾತ್ರ ಬೇರೆ ಬೇರೆ ಕೈಗಳಿಂದ, ಬೇರೆ ಬೇರೆ ಉಪಕರಣಗಳಿಂದ ಮತ್ತೆ ಮತ್ತೆ ಬಂದಿರುವುದರಿಂದ ಗಟ್ಟಿಯಾದುದು. ಆ ಮೂಲವು ಇಟಲಿಯಲ್ಲಾಗಲಿ ಮೆಡಿಟರೇನಿಯನ್ ತೀರದಲ್ಲಾಗಲಿ ಇಲ್ಲವೆಂಬುದೂ ಅಷ್ಟೇ ಗಟ್ಟಿಯಾದುದು.

ಇದರಿಂದ ರೂಲೆಟ್ ಮಾಡುವ ಕೌಶಲವೂ ಭಾರತದಲ್ಲಿಯೇ ಹುಟ್ಟಿತೆಂದು ಸಿದ್ಧಪಡುವುದೇ? ಇಲ್ಲ. ಮಣ್ಣು ಹೇಳುವುದು ತನ್ನ ಊರನ್ನು; ಕುಂಬಾರನ ಗುರುವು ಯಾರೆಂಬುದನ್ನಲ್ಲ. ವಂಗದ ಮಣ್ಣಿನಲ್ಲಿ ಯವನರ ಕೈಚಳಕವನ್ನು ನೋಡಿ ಕಲಿತವನು ಕೆಲಸಮಾಡಿರಬಹುದು. ಈ ಸಂಶಯವನ್ನು ಬಿಡಿಸತಕ್ಕದ್ದು ಪ್ರಯೋಗಾಲಯವಲ್ಲ, ಅಗೆತದ ಪದರು. ವಿಮಲಾ ಬೆಗ್ಲೆ ಅವರು ೧೯೮೩ರಲ್ಲಿಯೂ ೧೯೮೮ರಲ್ಲಿಯೂ ಬರೆದ ಲೇಖನಗಳಲ್ಲಿ ವ್ಹೀಲರ್ ಅವರ ಮತ್ತು ೧೯೪೭–೫೦ರಲ್ಲಿ ಅಗೆತ ನಡೆಸಿದ ಫ್ರೆಂಚ್ ವಿದ್ವಾಂಸ ಕಸಾಲ್ ಅವರ ದಾಖಲೆಗಳನ್ನು ಮತ್ತೆ ಶೋಧಿಸಿ, ರೂಲೆಟೆಡ್ ತಟ್ಟೆಯು ಅರೆಟೈನ್ ಪಾತ್ರೆಗಿಂತ ಮೊದಲೇ ಅರಿಕಮೇಡಿನಲ್ಲಿ ಬಳಕೆಯಲ್ಲಿದ್ದಿತೆಂದೂ, ಅದರ ಆರಂಭವನ್ನು ಕ್ರಿ. ಪೂ. ಎರಡನೆಯ ಅಥವಾ ಮೂರನೆಯ ಶತಮಾನಕ್ಕೆ ಒಯ್ಯಬೇಕೆಂದೂ ವಾದಿಸಿದರು. ಕೆ. ವಿ. ರಾಮನ್ ಅವರೊಡನೆ ೧೯೮೯–೯೨ರಲ್ಲಿ ಅಲ್ಲಿ ಹೊಸ ಅಗೆತವನ್ನೂ ಮಾಡಿಸಿದರು. ಅನುರಾಧಪುರದಲ್ಲಿ ೧೯೮೯–೯೪ರಲ್ಲಿ ನಡೆದ ಅಗೆತದಲ್ಲಿಯೂ ಈ ತಟ್ಟೆಯು ಕ್ರಿಸ್ತಪೂರ್ವ ಕಾಲದ ಪದರುಗಳಲ್ಲಿಯೇ ಕಂಡುಬಂದಿತು. ಮಣ್ಣಿನ ಮಾತೂ ಪದರಿನ ಮಾತೂ ಹೀಗೆ ಒಂದೇ ದಿಕ್ಕನ್ನು ತೋರಿದಾಗ ರೋಮನ್ ಮೂಲದ ವಾದಕ್ಕೆ ನಿಲ್ಲುವ ನೆಲ ಉಳಿಯುವುದಿಲ್ಲ.

ಅರೆಟೈನ್ ಪಾತ್ರೆಯ ಕಥೆಯೂ ಇಲ್ಲಿ ಸ್ವಾರಸ್ಯವಾದುದು. ಅದರ ತಳದಲ್ಲಿ ಕುಂಬಾರನ ಹೆಸರಿನ ಮುದ್ರೆಯೇ ಇರುತ್ತದಾದ್ದರಿಂದ ಮೂಲದ ಬಗ್ಗೆ ಸಂದೇಹವೇಕೆಂದು ಬಹುಕಾಲ ಭಾವಿಸಿದ್ದರು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಮೋರಿಸ್ ಪಿಕೋನ್ ಮತ್ತು ಅವರ ಸಂಗಡಿಗರು ಮಾಡಿದ ರಾಸಾಯನಿಕ ಪರೀಕ್ಷೆಗಳಿಂದ, ಆತೇಯಸ್ ಎಂಬಾತನ ಮುದ್ರೆಯುಳ್ಳ ಪಾತ್ರೆಗಳು ಅರೆಜ್ಜೊವಿನಲ್ಲಿ ಮಾತ್ರವಲ್ಲದೆ ಪೀಸಾದಲ್ಲಿಯೂ ಲಿಯೋನಿನಲ್ಲಿಯೂ ತಯಾರಾಗುತ್ತಿದ್ದುವೆಂದು ಹೊರಪಟ್ಟಿತು. ಅಕ್ಷರವೇ ತಪ್ಪುದಾರಿಗೆ ಎಳೆಯಬಹುದಾದ ಎಡೆಯಲ್ಲಿ ಅಲಂಕಾರದ ಗೀಟುಗಳನ್ನು ನಂಬುವುದೆಂತು?

ಕೊಡಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಮಾರ್ಪಾಟು ಆಗಿದೆ. ಪಶ್ಚಿಮ ಭಾರತದ ಅನೇಕ ನೆಲೆಗಳಲ್ಲಿ ದೊರೆತ ದಪ್ಪ ಚೂರುಗಳನ್ನು ರೋಮನ್ ದ್ರಾಕ್ಷಾರಸದ ಕೊಡಗಳೆಂದೇ ವರದಿಗಳಲ್ಲಿ ಬರೆದಿದ್ದರು. ರೊಬರ್ಟಾ ಟಾಂಬರ್ ಅವರು ಅವುಗಳ ಮಣ್ಣನ್ನೂ ಆಕಾರವನ್ನೂ ಮತ್ತೆ ನೋಡಿ, ಅವುಗಳಲ್ಲಿ ಬಹಳಷ್ಟು ರೋಮನರವಲ್ಲ, ಒಳಗೆ ಶಿಲಾರಾಳವನ್ನು ಬಳಿದ ಮೆಸೊಪೊಟೇಮಿಯಾದ ಕಿರಿದಳದ ಜಾಡಿಗಳು ಎಂದು ೨೦೦೭ರಲ್ಲಿ ತೋರಿಸಿದರು. ಅನುರಾಧಪುರದಲ್ಲಿ ಸಿಕ್ಕಿದ ಇಂತಹ ಜಾಡಿಗಳ ರಾಳವನ್ನೇ ಪರೀಕ್ಷಿಸಿ ಸ್ಟರ್ನ್ ಮೊದಲಾದವರು ೨೦೦೮ರಲ್ಲಿ ಅದರ ಮೂಲವನ್ನು ಇರಾನಿನ ಸೂಸಾದ ಕಡೆಗೆ ಹಚ್ಚಿದರು. ಈ ಜಾಡಿಗಳು ಬಹುಮಟ್ಟಿಗೆ ಪಾರ್ಥಿಯನರ ಮತ್ತು ಸಸಾನಿಯನರ ಕಾಲಕ್ಕೆ ಸೇರಿದವು. ಅರ್ಥಾತ್, ರೋಮಿನ ಲೆಕ್ಕಕ್ಕೆ ಬರೆದಿದ್ದ ವ್ಯಾಪಾರದ ಒಂದು ಭಾಗವನ್ನು ಪಾರಸೀಕ ಕೊಲ್ಲಿಯ ವರ್ತಕರ ಲೆಕ್ಕಕ್ಕೆ ತಿದ್ದಿ ಬರೆಯಬೇಕಾಗಿದೆ. ಇಲ್ಲಿ ಪರೀಕ್ಷೆಯು ಪರದೇಶದ್ದೆಂಬ ನಂಬಿಕೆಯನ್ನು ಕೆಡಿಸಲಿಲ್ಲ. ಯಾವ ಪರದೇಶವೆಂಬುದನ್ನು ತಿದ್ದಿತು. ಪ್ರಯೋಗಾಲಯವು ಯಾವಾಗಲೂ ದೇಶೀಯ ಪಕ್ಷಕ್ಕೇ ತೀರ್ಪು ಕೊಡುತ್ತದೆಂದು ಹಿಗ್ಗುವವರು ಇದನ್ನು ಗಮನಿಸತಕ್ಕದ್ದು.

ಬ್ರಹ್ಮಗಿರಿಯ ಕಡೆಗೆ ಮರಳಿದರೆ, ಗೂಟವು ಎಷ್ಟು ದೂರ ಸರಿಯಿತೆಂಬುದು ಕಾಣುತ್ತದೆ. ರೂಲೆಟೆಡ್ ತಟ್ಟೆಯು ಕ್ರಿ. ಪೂ. ಎರಡು ಮೂರನೆಯ ಶತಮಾನಗಳಿಂದಲೇ ಇದ್ದಿತೆಂದಾದರೆ, ಅದು ಸಿಕ್ಕಿದ ಪದರು ಕ್ರಿ. ಶ. ಒಂದನೆಯ ಶತಮಾನದ ಮಧ್ಯದಲ್ಲಿಯೇ ಆರಂಭವಾಗಬೇಕೆಂಬ ನಿರ್ಬಂಧವಿಲ್ಲ. ಅದರ ಕೆಳಗಿನ ಸಮಾಧಿಯವರನ್ನು ಎರಡೂವರೆ ಶತ್ಮಾನಗಳ ಇಕ್ಕಟ್ಟಿನಲ್ಲಿ ತುರುಕಬೇಕಾದ ಕಾರಣವೂ ಇಲ್ಲ. ಈ ಎರಡನೆಯ ಮಾತನ್ನು ಇಂಗಾಲದ ಪರೀಕ್ಷೆಯು ಸ್ವತಂತ್ರವಾಗಿಯೇ ಸ್ಥಿರಪಡಿಸಿತು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ತೀರದ ಹಳ್ಳೂರಿನಲ್ಲಿ ೧೯೬೫ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ನಡೆಸಿದ ಅಗೆತದಲ್ಲಿ ಕಬ್ಬಿಣದ ಬಳಕೆಯು ಸುಮಾರು ಕ್ರಿ. ಪೂ. ೧೦೦೦ದಷ್ಟು ಹಿಂದಿನದೆಂದು ತಿಳಿದುಬಂದಿತು. ಕಲ್ಗೊಡಲಿಯವರ ಕಾಲವಂತೂ ದಕ್ಷಿಣದಲ್ಲಿ ಕ್ರಿ. ಪೂ. ಮೂರನೆಯ ಸಹಸ್ರಮಾನಕ್ಕೆ ಹಿಂದಕ್ಕೆ ಹೋಗಿದೆ. ವ್ಹೀಲರ್ ಅವರು ಗುರುತಿಸಿದ ಪದರುಗಳ ಅನುಕ್ರಮವು ಇಂದಿಗೂ ನಿಂತಿದೆ. ಬಿದ್ದುಹೋದದ್ದು ರೋಮಿನಿಂದ ಎರವಲು ತಂದ ಅಂಕಿಗಳು ಮಾತ್ರ.

ಚಿತ್ರದುರ್ಗ ಸೀಮೆಯ ಚೂರುಗಳನ್ನು ಮೇಲೆ ಹೇಳಿದ ಹೋಲಿಕೆಗೆ ಒಳಪಡಿಸುವುದಕ್ಕೆ ಆ ನೆಲವು ಅನುಕೂಲವಾದುದು. ಬ್ರಹ್ಮಗಿರಿಯು ಗ್ರಾನೈಟಿನ ಬೆಟ್ಟ. ಚಿತ್ರದುರ್ಗದ ಸುತ್ತ ಧಾರವಾಡ ಶಿಲಾವರ್ಗದ ಹಸುರು ಪದರುಗಲ್ಲುಗಳೂ ಗ್ರಾನೈಟೂ ಎರಡೂ ಉಂಟು. ಇವೆರಡರಿಂದ ಹುಟ್ಟಿದ ಜೇಡಿಯೂ, ಗಂಗೆಯ ಅಥವಾ ಕಾವೇರಿಯ ಮುಖಜಭೂಮಿಯ ಮೆಕ್ಕಲೂ ಅಲ್ಪವಸ್ತುಗಳಲ್ಲಿ ಒಂದನ್ನೊಂದು ಹೋಲುವ ಸಂಭವ ಕಡಮೆ. ಎರಡು ನೆಲೆಗಳ ಒರಟು ಮಡಕೆಗಳಿಂದಲೂ ಸುತ್ತಣ ಕೆರೆಗಳ ಜೇಡಿಯಿಂದಲೂ ತಕ್ಕಷ್ಟು ಮಾದರಿಗಳನ್ನು ತೆಗೆದುಕೊಂಡು, ಅವುಗಳ ಜೊತೆಗೆ ಅಲ್ಲಿಯ ರೂಲೆಟೆಡ್ ಚೂರುಗಳನ್ನಿಟ್ಟು ಅಳೆದರೆ, ಆ ತಟ್ಟೆಗಳು ತೀರದಿಂದ ಬಂಡಿಯೇರಿ ಬಂದುವೋ, ಇಲ್ಲಿಯ ತಿಗರಿಯ ಮೇಲೆ ಹುಟ್ಟಿದುವೋ ಎಂಬುದನ್ನು ಬೇರ್ಪಡಿಸಬಹುದು. ಸಮುದ್ರದಿಂದ ಅಷ್ಟು ದೂರದ ಒಳನಾಡಿಗೆ ಒಡೆಯುವ ತಟ್ಟೆಯನ್ನು ಹೊತ್ತು ತರುವಷ್ಟು ಬೇಡಿಕೆಯಿದ್ದಿತೆಂದು ತೋರಿದರೆ ಅದು ಶಾತವಾಹನರ ಕಾಲದ ಹಾದಿಗಳ ಬಗ್ಗೆ ಶಾಸನಗಳು ಹೇಳದ ಮಾತನ್ನು ಹೇಳಿದಂತೆ.

ಮಾದರಿಯನ್ನು ತೆಗೆಯುವುದರಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. ಹೂತಿದ್ದ ಕಾಲದಲ್ಲಿ ನೆಲದ ನೀರು ಚೂರಿನೊಳಕ್ಕೆ ಸುಣ್ಣವನ್ನೂ ರಂಜಕವನ್ನೂ ಬೇರಿಯಮನ್ನೂ ಸೇರಿಸುತ್ತದೆ, ಕೆಲವನ್ನು ಕರಗಿಸಿ ಒಯ್ಯುತ್ತದೆ. ಆದುದರಿಂದ ಹೊರಮೈಯನ್ನು ಕೆರೆದು ತೆಗೆದು ನಡುವಣ ಮಣ್ಣನ್ನೇ ಕೊರೆಯಬೇಕು, ಆ ವಸ್ತುಗಳ ಅಂಕಿಗಳನ್ನು ಹೆಚ್ಚು ನಂಬಬಾರದು. ಟಂಗ್‌ಸ್ಟನ್ ಕಾರ್ಬೈಡಿನ ಬೈರಿಗೆಯಿಂದ ಕೊರೆದರೆ ಟಂಗ್‌ಸ್ಟನ್ನೂ ಕೋಬಾಲ್ಟೂ ಪುಡಿಗೆ ಸೇರುತ್ತವೆ. ಉಪ್ಪಿನ ಹೊದಿಕೆಯನ್ನು ಹೋಗಲಾಡಿಸಲು ಚೂರನ್ನು ಆಮ್ಲದಲ್ಲಿ ತೊಳೆಯುವ ಹಳೆಯ ವಾಡಿಕೆಯೂ, ಅಂಕಿ ಬರೆದು ಅದರ ಮೇಲೆ ಅರಗೆಣ್ಣೆ ಬಳಿಯುವ ವಾಡಿಕೆಯೂ ಪೃಥಕ್ಕರಣಕ್ಕೆ ಹಾನಿಕರ. ಒಂದೊಂದು ಬಗೆಯಿಂದಲೂ ಒಂದೆರಡು ಚೂರುಗಳು ಸಾಲವು. ಒಂದೇ ಆವಿಗೆಯ ಮಡಕೆಗಳೊಳಗಿನ ಸಹಜವಾದ ಏರಿಳಿತವನ್ನು ತಿಳಿಯಲು ಹತ್ತಿಪ್ಪತ್ತಾದರೂ ಬೇಕು. ಯಾವ ಗುಂಡಿಯ ಯಾವ ಪದರಿನಿಂದ ಬಂದದ್ದೆಂಬ ಚೀಟಿಯಿಲ್ಲದ ಚೂರನ್ನು ಈ ಪರೀಕ್ಷೆಗೆ ಆರಿಸುವುದರಲ್ಲಿ ಪ್ರಯೋಜನವಿಲ್ಲ: ಅದರ ಮಣ್ಣಿನ ಊರು ಗೊತ್ತಾದರೂ ಅದು ಬ್ರಹ್ಮಗಿರಿಗೆ ಯಾವಾಗ ಬಂದಿತೆಂಬುದು ಗೊತ್ತಾಗದು.